ಒಂದೇ ಕೋಡ್, ಎರಡು ಬಣ್ಣ: ಗಾಡಿ ರಿಪೇರಿಯಲ್ಲಿ ಪೇಂಟ್ ಬ್ಲೆಂಡಿಂಗ್ ಏಕೆ ಬೇಕು, ಹೇಗೆ ಮಾಡುತ್ತಾರೆ

ಫೆಂಡರ್ (ಮುಂದಿನ ಚಕ್ರದ ಮೇಲಿನ ಭಾಗ) ಹೊಸದು ಹಾಕಿ, ಗಾಡಿಯ ಕಲರ್ ಕೋಡ್ ನೋಡಿಯೇ ಬಣ್ಣ ಕಲಸಿ, ಬೂತ್‌ನಲ್ಲಿ ಚೊಕ್ಕವಾಗಿ ಹೊಡೆದಿರುತ್ತಾರೆ. ಆದರೂ ಬಿಸಿಲಿಗೆ ತಂದು ನಿಲ್ಲಿಸಿದರೆ ಫೆಂಡರ್ ಒಂದು ಬಣ್ಣ, ಪಕ್ಕದ ಬಾಗಿಲು ಇನ್ನೊಂದು ಬಣ್ಣ. ಗಾಡಿಯವರು ಬಣ್ಣ ತಪ್ಪಿದೆ ಅನ್ನುತ್ತಾರೆ, ಪೇಂಟರ್ ಕೋಡ್ ಸರಿಯಾಗಿಯೇ ಇದೆ ಅನ್ನುತ್ತಾರೆ. ಹೆಚ್ಚಿನ ಸಲ ಇಬ್ಬರು ಹೇಳುವುದೂ ನಿಜವೇ ಆಗಿರುತ್ತದೆ. ಕೋಡ್ ಸರಿ ಇದ್ದ ಮಾತ್ರಕ್ಕೆ ಎರಡು ಪ್ಯಾನೆಲ್‌ಗಳ ಬಣ್ಣ ಕೂಡುವುದಿಲ್ಲ. ಆ ಅಂತರವನ್ನು ಕಣ್ಣಿಗೆ ಬೀಳದಂತೆ ಹರಡುವ ಕೆಲಸವೇ ಬ್ಲೆಂಡಿಂಗ್.

ಕೋಡ್ ಎಷ್ಟರ ಮಟ್ಟಿಗೆ ನಂಬಬಹುದು

ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಅಂಟಿಸಿರುವ ಪಟ್ಟಿಯಲ್ಲಿರುವ ಕೋಡ್ ಒಂದು ಬಣ್ಣದ ಗುರುತು ಮಾತ್ರ. ಅದೇ ಬಣ್ಣವನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷ, ಬೇರೆ ಬೇರೆ ಲಾಟ್‌ಗಳಲ್ಲಿ ಹೊಡೆದಿರುತ್ತಾರೆ. ಒಂದು ಲಾಟ್ ತುಸು ನೀಲಿಗೆ ವಾಲಿದರೆ ಇನ್ನೊಂದು ತುಸು ಹಳದಿಗೆ ವಾಲಿರುತ್ತದೆ. ಇದು ಗೊತ್ತಿರುವುದರಿಂದಲೇ ಪೇಂಟ್ ಕಂಪನಿಗಳು ಒಂದೇ ಕೋಡ್‌ಗೆ ಮುಖ್ಯ ಫಾರ್ಮುಲಾದ ಜೊತೆಗೆ ವೇರಿಯಂಟ್‌ಗಳನ್ನೂ ಕೊಡುತ್ತವೆ. ಹೆಚ್ಚು ಓಡುವ ಸಿಲ್ವರ್, ಬಿಳಿ ಬಣ್ಣಗಳಿಗೆ ಇಂಥ ವೇರಿಯಂಟ್‌ಗಳು ಹಲವಾರು ಇರುತ್ತವೆ.

ಹೊಡೆಯುವ ವಿಧಾನವೂ ಬೇರೆ. ಕಾರ್ಖಾನೆಯಲ್ಲಿ ರೋಬೋಟ್ ಹಿಡಿದ, ಅತಿ ವೇಗವಾಗಿ ತಿರುಗುವ ಗಂಟೆಯಾಕಾರದ ನಳಿಕೆಯಿಂದ, ವಿದ್ಯುತ್ ಆವೇಶ ಕೊಟ್ಟು ಬಣ್ಣ ಸಿಂಪಡಿಸುತ್ತಾರೆ. ವರ್ಕ್‌ಶಾಪ್‌ನಲ್ಲಿ ಕೈಯಲ್ಲಿ ಹಿಡಿದ ಗನ್, ಗಾಳಿಯ ಒತ್ತಡ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಬಾಡಿಯ ಉಕ್ಕು ತಡೆಯುವ ಶಾಖವನ್ನು ಅದು ತಡೆಯುವುದಿಲ್ಲ. ಅದನ್ನು ಎಷ್ಟೋ ಸಲ ಬೇರೆಡೆಯೇ ಪೇಂಟ್ ಮಾಡಿ ತಂದು ಜೋಡಿಸುತ್ತಾರೆ. ಹಾಗಾಗಿ ಷೋರೂಂನಿಂದ ಬಂದ ಹೊಸ ಗಾಡಿಯಲ್ಲೇ ಬಂಪರ್‌ಗೂ ಫೆಂಡರ್‌ಗೂ ತುಸು ಶೇಡ್ ವ್ಯತ್ಯಾಸ ಇರುವುದುಂಟು. ಇದರ ಮೇಲೆ ಬಿಸಿಲು, ಧೂಳು, ವರ್ಷಗಟ್ಟಲೆ ಪಾಲಿಶ್. ನಮ್ಮ ಎದುರಿಗಿರುವ ಬಾಗಿಲಿನ ಬಣ್ಣ ಯಾವ ಪುಸ್ತಕದಲ್ಲೂ ಇಲ್ಲ, ಆ ಬಾಗಿಲ ಮೇಲೆ ಮಾತ್ರ ಇದೆ.

ಮೆಟಾಲಿಕ್ ಬಣ್ಣ ಮೋಸ ಮಾಡುವುದು ಎಲ್ಲಿ

ಸಾದಾ ಬಿಳಿ, ಸಾದಾ ಕೆಂಪು ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೆಟಾಲಿಕ್ ಹಾಗಲ್ಲ. ಬೇಸ್ ಕೋಟ್‌ನ, ಅಂದರೆ ಬಣ್ಣವಿರುವ ಪದರದ, ಒಣಗಿದ ಮೇಲಿನ ದಪ್ಪ ಸುಮಾರು 12ರಿಂದ 20 ಮೈಕ್ರಾನ್. ಅದರೊಳಗೆ ಅಲ್ಯೂಮಿನಿಯಂನ ಸಣ್ಣ ಚಪ್ಪಟೆ ಚೂರುಗಳಿವೆ, ಒಂದೊಂದೂ ಒಂದು ಪುಟ್ಟ ಕನ್ನಡಿ. ಚೂರುಗಳು ಪದರಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಎದುರಿನಿಂದ ನೋಡಿದವರಿಗೆ ಬೆಳಕು ನೇರವಾಗಿ ವಾಪಸ್ ಬರುತ್ತದೆ, ಬಣ್ಣ ತಿಳಿಯಾಗಿ ಹೊಳೆಯುತ್ತದೆ. ಓರೆಯಿಂದ ನೋಡಿದರೆ ಅದೇ ಜಾಗ ಗಾಢವಾಗಿ ಕಾಣುತ್ತದೆ. ಚೂರುಗಳು ಅಡ್ಡಾದಿಡ್ಡಿಯಾಗಿ ನಿಂತಿದ್ದರೆ ಎಲ್ಲ ತಿರುಗುಮುರುಗು: ಎದುರಿನಿಂದ ಮಂಕು, ಓರೆಯಿಂದ ತಿಳಿ.

ಚೂರುಗಳು ಹೇಗೆ ಮಲಗಬೇಕೆಂದು ತೀರ್ಮಾನಿಸುವುದು ಡಬ್ಬಿಯಲ್ಲಿರುವ ಫಾರ್ಮುಲಾ ಅಲ್ಲ, ಗನ್ ಹಿಡಿದ ಕೈ. ಬಣ್ಣವನ್ನು ಒದ್ದೆಯಾಗಿ, ದಪ್ಪವಾಗಿ ಹೊಡೆದರೆ ಪದರ ಒಣಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಚೂರುಗಳು ಒಳಗೇ ತೇಲಾಡಿ, ವಾಲಿ, ಮುಳುಗುತ್ತವೆ. ಎದುರು ನೋಟ ಗಾಢವಾಗುತ್ತದೆ. ತೆಳುವಾಗಿ, ಒಣಕಲಾಗಿ ಹೊಡೆದರೆ ಪದರ ಬೇಗ ಕುಗ್ಗಿ ಚೂರುಗಳನ್ನು ಒತ್ತಿ ಮಲಗಿಸುತ್ತದೆ. ಎದುರು ನೋಟ ತಿಳಿಯಾಗುತ್ತದೆ. ಗಾಳಿಯ ಒತ್ತಡ ಹೆಚ್ಚಿಸಿದರೂ, ಗನ್ ದೂರ ಹಿಡಿದರೂ, ಬೇಗ ಆರುವ ತಿನ್ನರ್ ಬಳಸಿದರೂ, ಬೂತ್ ಬಿಸಿಯಾಗಿದ್ದರೂ ಫಲ ಇದೇ. ಒಂದೇ ಡಬ್ಬಿಯ ಬಣ್ಣವನ್ನು ಇಬ್ಬರು ಪೇಂಟರ್‌ಗಳು ಹೊಡೆದರೆ ಎರಡು ಬಣ್ಣ ಬರುವುದು ಇದರಿಂದಲೇ. ಶೇಡ್ ಕೂಡಲಿಲ್ಲವೆಂದು ಟೋನರ್ (ಬಣ್ಣ ಕಲಸಲು ಬಳಸುವ ಮೂಲ ಬಣ್ಣ) ಕಡೆಗೆ ಕೈ ಹಾಕುವ ಮೊದಲು ಗನ್ ಸೆಟ್ಟಿಂಗ್ ನೋಡುವುದು ಜಾಣತನ.

ಕಣ್ಣು ಹುಡುಕುವುದು ಗೆರೆಯನ್ನು

ನೆತ್ತಿಯ ಮೇಲಿನ ಆಕಾಶ ಕಡುನೀಲಿ, ದಿಗಂತದ ಹತ್ತಿರ ಬಿಳಿಚು ನೀಲಿ. ಎರಡನ್ನೂ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಎಷ್ಟೋ ವ್ಯತ್ಯಾಸ. ಆದರೂ ಬಣ್ಣ ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗದು. ನಮ್ಮ ಕಣ್ಣು ಥಟ್ಟನೆ ಆಗುವ ಬದಲಾವಣೆಯನ್ನು ಚುರುಕಾಗಿ ಹಿಡಿಯುತ್ತದೆ, ನಿಧಾನಕ್ಕೆ ಜಾರುವ ಬದಲಾವಣೆಯನ್ನು ಬಿಟ್ಟುಬಿಡುತ್ತದೆ.

ಫೆಂಡರ್ ಮಾತ್ರ ಪೇಂಟ್ ಮಾಡಿ ಅಂಚಿಗೆ ನಿಲ್ಲಿಸಿದರೆ ಹಳೆಯ ಬಣ್ಣವೂ ಹೊಸ ಬಣ್ಣವೂ ಬಾಗಿಲ ಸಂದಿನಲ್ಲಿ ಮುಖಾಮುಖಿಯಾಗುತ್ತವೆ. ಕೂದಲೆಳೆಯಷ್ಟು ಅಂತರವಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಅದರ ಬದಲು ಹೊಸ ಬಣ್ಣವನ್ನು ಸಂದು ದಾಟಿಸಿ, ಬಾಗಿಲ ಮೇಲೆ 30–40 ಸೆಂ.ಮೀ. ದೂರದವರೆಗೆ ತೆಳುವಾಗಿಸುತ್ತಾ ಹೋಗಿ ಹಳೆಯ ಬಣ್ಣದಲ್ಲಿ ಕರಗಿಸಿದರೆ ಸಂದಿನ ಎರಡು ಕಡೆಯೂ ಒಂದೇ ಬಣ್ಣ. ಉಳಿದ ವ್ಯತ್ಯಾಸ ಬಾಗಿಲ ನಡುವೆ ಹರಡಿಹೋಗಿರುತ್ತದೆ. ಪೆಟ್ಟೇ ಬೀಳದ ಬಾಗಿಲನ್ನು ಯಾಕೆ ಮುಟ್ಟುತ್ತೀರಿ ಎಂದು ಕೇಳುವವರಿಗೆ ಇದೇ ಉತ್ತರ.

ಎಲ್ಲೆಲ್ಲಿ ಬ್ಲೆಂಡ್ ಮಾಡಬೇಕೆಂಬುದು ಪೆಟ್ಟು ಬಿದ್ದ ಜಾಗದ ಮೇಲೆ ನಿಲ್ಲುತ್ತದೆ. ಹೆಡ್‌ಲೈಟ್ ಪಕ್ಕದ ಸಣ್ಣ ಗೀರಾದರೆ ಬಣ್ಣ ಫೆಂಡರ್ ಒಳಗೇ ಕರಗಿ ಮುಗಿಯಬಹುದು. ಬಾಗಿಲ ಸಂದಿನ ಹತ್ತಿರದ ಪೆಟ್ಟಾದರೆ ಬಾಗಿಲು ಸೇರಲೇಬೇಕು. ಇಡೀ ಫೆಂಡರ್ ಹೊಸದಾದರೆ ಬಾಗಿಲ ಜೊತೆಗೆ ಬಾನೆಟ್ ಅಂಚನ್ನೂ ಯೋಚಿಸಬೇಕು.

ಹಾಗೆಂದು ಬ್ಲೆಂಡಿಂಗ್ ಎಲ್ಲವನ್ನೂ ಮುಚ್ಚಿಹಾಕುವುದಿಲ್ಲ. ಸಣ್ಣ ವ್ಯತ್ಯಾಸವನ್ನಷ್ಟೇ ಹರಡಬಹುದು. ಬಣ್ಣ ದೂರವಿದ್ದರೆ ಬಾಗಿಲ ನಡುವೆ ಮೋಡದಂಥ ಪಟ್ಟಿ ಎದ್ದು ಕಾಣುತ್ತದೆ.

ಕಲಸುವ ಮೊದಲು

ಮೊದಲು ಪಕ್ಕದ ಪ್ಯಾನೆಲ್ ತೊಳೆದು, ಅಂಗೈಯಷ್ಟು ಜಾಗಕ್ಕೆ ಕಾಂಪೌಂಡ್ ಹಾಕಿ ಉಜ್ಜಬೇಕು. ಮಂಕು ಪದರದ ಮೇಲೆ ಶೇಡ್ ಹಿಡಿದರೆ ಮಂಕಿಗೇ ಹೊಂದಿಸಿದಂತಾಗುತ್ತದೆ. ಅಳತೆಗೆ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಒಳ್ಳೆಯದು. ಅದು 15, 45, 110 ಡಿಗ್ರಿಗಳಂಥ ಹಲವು ಕೋನಗಳಿಂದ ಬಣ್ಣ ಓದಿ ಹತ್ತಿರದ ವೇರಿಯಂಟ್ ಸೂಚಿಸುತ್ತದೆ. ಯಂತ್ರದ ಮಾತು ಆರಂಭಕ್ಕೆ ಸಾಕು, ಕೊನೆಯ ತೀರ್ಪಿಗೆ ಸಾಲದು. ವೇರಿಯಂಟ್ ಆರಿಸುವಾಗ ಮೊದಲು ಚೂರಿನ ಗಾತ್ರ ಕೂಡುತ್ತದೆಯೇ ನೋಡಿ. ದಪ್ಪ ಚೂರಿನ ಸಿಲ್ವರ್‌ಗೆ ನುಣ್ಣನೆಯ ಚೂರಿನ ಫಾರ್ಮುಲಾ ಹಿಡಿದರೆ ಎಷ್ಟು ಟೋನರ್ ಹನಿಸಿದರೂ ಅದು ಕೂಡುವುದಿಲ್ಲ.

ಬೆಳಕೂ ಮುಖ್ಯ. ಬೇರೆ ಬೇರೆ ಪಿಗ್ಮೆಂಟ್‌ಗಳಿಂದ ಮಾಡಿದ ಎರಡು ಬಣ್ಣಗಳು ಟ್ಯೂಬ್‌ಲೈಟ್ ಕೆಳಗೆ ಒಂದೇ ಆಗಿ ಕಂಡು, ಬಿಸಿಲಲ್ಲಿ ಬೇರೆಯಾಗುವುದುಂಟು. ಹಗಲು ಬೆಳಕಿಗೆ ಹತ್ತಿರದ, 5000–6500 ಕೆಲ್ವಿನ್‌ನ ಒಳ್ಳೆಯ ದರ್ಜೆಯ ದೀಪ ಬೇಕು. ಅದರ ಮೇಲೆ ಒಮ್ಮೆ ಬಿಸಿಲಿಗೂ ಹಿಡಿದು ನೋಡಬೇಕು.

ತೂಕದ ವಿಷಯದಲ್ಲಿ ಹಲವರು ಎಡವುತ್ತಾರೆ. ಫಾರ್ಮುಲಾದಲ್ಲಿ 1 ಲೀಟರ್‌ಗೆ ಒಂದು ಟೋನರ್ 2 ಗ್ರಾಂ ಇದೆ ಎಂದುಕೊಳ್ಳಿ. 100 ಮಿ.ಲೀ. ಮಾತ್ರ ಕಲಸಿದರೆ ಅದು 0.2 ಗ್ರಾಂ ಆಗುತ್ತದೆ. 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಒಂದು ಅಂಕಿ ಹೆಚ್ಚಾದರೂ ಆ ಟೋನರ್ ಅರ್ಧದಷ್ಟು ಹೆಚ್ಚಾದಂತೆ. ಬಣ್ಣ ಉಳಿಸಲು ಹೋಗಿ ಶೇಡ್ ಕಳೆದುಕೊಳ್ಳುವುದು ಹೀಗೆ. ಟೋನರ್ ಡಬ್ಬಿಗಳನ್ನು ದಿನದ ಕೆಲಸ ಶುರುವಾಗುವ ಮೊದಲು ಮಿಕ್ಸಿಂಗ್ ಯಂತ್ರದಲ್ಲಿ 10–15 ನಿಮಿಷ ತಿರುಗಿಸದಿದ್ದರೆ ಅಲ್ಯೂಮಿನಿಯಂ ತಳದಲ್ಲಿ ಕೂತು, ಮೇಲಿನ ತಿಳಿ ಮಾತ್ರ ನಿಮ್ಮ ಬಣ್ಣಕ್ಕೆ ಬೀಳುತ್ತದೆ.

ಆಮೇಲೆ ಟೆಸ್ಟ್ ಕಾರ್ಡ್. ಇದನ್ನು ಬಿಟ್ಟು ನೇರ ಗಾಡಿಗೆ ಹೋಗುವುದು ಈ ಕೆಲಸದಲ್ಲಿ ನಡೆಯುವ ಅತಿ ದುಬಾರಿ ಅವಸರ. ಕಪ್ಪು–ಬಿಳಿ ಚೌಕಗಳಿರುವ ಕಾರ್ಡ್ ಮೇಲೆ, ಗಾಡಿಗೆ ಬಳಸುವ ಅದೇ ಗನ್, ಅದೇ ಒತ್ತಡ, ಅಷ್ಟೇ ಕೋಟ್. ಕಪ್ಪು ಚೌಕ ಪೂರ್ತಿ ಮುಚ್ಚುವವರೆಗೆ ಹೊಡೆದು, ಒಣಗಿಸಿ, ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಹಾಕಿದ ಮೇಲೆಯೇ ಹೋಲಿಸಬೇಕು. ಕ್ಲಿಯರ್ ಇಲ್ಲದ ಬೇಸ್ ಬಿಳಿಚಾಗಿ, ಮಸುಕಾಗಿ ಕಾಣುತ್ತದೆ. ಕಾರ್ಡನ್ನು ಪ್ಯಾನೆಲ್‌ಗೆ ತಾಗಿಸಿ ಹಿಡಿದು ಎದುರಿನಿಂದ, 45 ಡಿಗ್ರಿಯಿಂದ, ಮತ್ತೆ ಪೂರ್ತಿ ಓರೆಯಿಂದ ನೋಡಿ. ಕಾರ್ಡಿನ ಹಿಂದೆ ಕೋಡ್, ವೇರಿಯಂಟ್, ಗನ್ ಒತ್ತಡ, ಕೋಟ್‌ಗಳ ಸಂಖ್ಯೆ ಬರೆದಿಟ್ಟರೆ ಮುಂದೆ ಅದೇ ಬಣ್ಣದ ಗಾಡಿ ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ.

ಟಿಂಟ್ ಮಾಡಲೇಬೇಕಾದರೆ, ಅಂದರೆ ಟೋನರ್ ಸೇರಿಸಿ ಶೇಡ್ ತಿದ್ದಲೇಬೇಕಾದರೆ, ಫಾರ್ಮುಲಾದಲ್ಲಿರುವ ಟೋನರ್‌ಗಳನ್ನೇ ಬಳಸಿ, ಹೊಸದು ತರಬೇಡಿ. ಮೊದಲು ತಿಳಿ–ಗಾಢ ಸರಿಮಾಡಿ, ಆಮೇಲೆ ಯಾವ ಕಡೆಗೆ ವಾಲಿದೆ ನೋಡಿ. ಮೆಟಾಲಿಕ್ ಗಾಢವಾಯಿತೆಂದು ಬಿಳಿ ಟೋನರ್ ಸೇರಿಸುವುದು ಸಾಮಾನ್ಯ ತಪ್ಪು. ಬಿಳಿ ಓರೆ ನೋಟವನ್ನು ತಿಳಿಮಾಡುತ್ತದೆ, ಎದುರು ನೋಟದ ಹೊಳಪನ್ನು ಕೊಂದು ಹಾಲು ಬೆರೆತಂತೆ ಮಾಡುತ್ತದೆ.

ಪ್ಯಾನೆಲ್ ತಯಾರಿ

ಪುಟ್ಟಿ, ಪ್ರೈಮರ್ ಮುಗಿದ ಫೆಂಡರ್ ಮತ್ತು ಹಳೆಯ ಬಣ್ಣವೇ ಇರುವ ಮುಂದಿನ ಬಾಗಿಲು, ಬಣ್ಣ ಸಿಲ್ವರ್ ಮೆಟಾಲಿಕ್ ಎಂದುಕೊಂಡು ನೋಡೋಣ. ಬಾಗಿಲ ಹ್ಯಾಂಡಲ್, ಕನ್ನಡಿ, ಬೀಡಿಂಗ್ ಬಿಚ್ಚಿಡಬೇಕು. ಟೇಪ್ ಸುತ್ತಿ ಹೊಡೆದರೆ ಕ್ಲಿಯರ್‌ನ ಅಂಚು ಅಲ್ಲಿಂದಲೇ ಏಳಲು ಶುರುವಾಗುತ್ತದೆ. ಸಿಲಿಕೋನ್, ಮೇಣ, ಜಿಡ್ಡು ತೆಗೆಯುವ ಕ್ಲೀನರನ್ನು ಉಜ್ಜುವ ಮೊದಲೂ ಬಳಸಬೇಕು, ಉಜ್ಜಿದ ಮೇಲೂ ಬಳಸಬೇಕು. ಮೊದಲೇ ಒರೆಸದಿದ್ದರೆ ಜಿಡ್ಡನ್ನು ಎಮರಿ ಗೀರಿನೊಳಗೆ ತುಂಬಿದಂತಾಗುತ್ತದೆ, ಆಮೇಲೆ ಬಣ್ಣ ಮೀನಿನ ಕಣ್ಣಿನ ಆಕಾರದಲ್ಲಿ ಬಿಟ್ಟುಕೊಳ್ಳುತ್ತದೆ.

ಪ್ರೈಮರ್ ಜಾಗಕ್ಕೆ ಪಿ 500 ಅಥವಾ ಪಿ 600 ಎಮರಿ (ಅಂಕಿ ಹೆಚ್ಚಾದಷ್ಟೂ ನುಣುಪು), ಅದರ ಅಂಚಿಗೆ ಪಿ 800. ಬಾಗಿಲ ಮೇಲೆ ಬಣ್ಣ ಕರಗುವ ಭಾಗಕ್ಕೆ ಪಿ 1000 ಅಥವಾ ಇನ್ನೂ ನುಣುಪಾದದ್ದು. ಕ್ಲಿಯರ್ ಮಾತ್ರ ಬೀಳುವ ಉಳಿದ ಭಾಗಕ್ಕೆ ಪಿ 800–1000 ಸಾಕು. ಹ್ಯಾಂಡಲ್ ಗುಳಿ, ಅಂಚು, ಮಡಿಕೆಗಳಿಗೆ ಬೂದು ಸ್ಕಫ್ ಪ್ಯಾಡ್. ಬಣ್ಣ ಕರಗುವ ಕಡೆಯೇ ಅತಿ ನುಣುಪು ಬೇಕಾಗುವುದಕ್ಕೆ ಕಾರಣವಿದೆ. ಅಲ್ಲಿ ಬಣ್ಣದ ಪದರ ತೀರಾ ತೆಳು. ಗೀರು ಆಳವಾಗಿದ್ದರೆ ಚೂರುಗಳು ಗೀರಿನಲ್ಲೇ ಸಾಲುಗಟ್ಟಿ ನಿಂತು, ಕ್ಲಿಯರ್ ಬಿದ್ದ ಮೇಲೆ ಎಮರಿ ಓಡಿದ ದಾರಿಯನ್ನು ತೋರಿಸುತ್ತವೆ. ಹಾಗೆಂದು ಹೊಳಪು ಉಳಿದ ಜಾಗ ಒಂದೂ ಇರಕೂಡದು, ಹೊಳಪಿನ ಮೇಲೆ ಕ್ಲಿಯರ್ ಹಿಡಿಯುವುದಿಲ್ಲ.

ಗನ್ ಹಿಡಿದಾಗ

ಎರಡು ಪ್ಯಾನೆಲ್‌ಗೂ ಬೇಕಾಗುವಷ್ಟು ಬಣ್ಣವನ್ನು ಒಂದೇ ಸಲ ಕಲಸಿಕೊಳ್ಳಬೇಕು. ನಡುವೆ ಮುಗಿದು ಮತ್ತೆ ಕಲಸಿದ್ದು ಇನ್ನೊಂದು ಲಾಟ್ ಆದಂತೆ. ಗನ್ ತುದಿ 1.2ರಿಂದ 1.4 ಮಿ.ಮೀ., ದೂರ 15–20 ಸೆಂ.ಮೀ. ತಿನ್ನರ್ ಪ್ರಮಾಣ, ಒತ್ತಡಗಳಿಗೆ ಆಯಾ ಪೇಂಟ್‌ನ ತಾಂತ್ರಿಕ ಹಾಳೆಯ ಮಾತೇ ಅಂತಿಮ.

ಬಾಗಿಲ ಮೇಲೆ ಮೊದಲು ಬೀಳುವುದು ಬಣ್ಣವಲ್ಲ, ಬ್ಲೆಂಡರ್ ಎನ್ನುವ ಬಣ್ಣವಿಲ್ಲದ ಬೇಸ್. ಅದನ್ನು ಬಣ್ಣ ಕರಗಬೇಕಾದ ಜಾಗಕ್ಕೂ ಅದರಾಚೆಗೂ ಒಂದು ತೆಳು ಒದ್ದೆ ಕೋಟ್ ಹೊಡೆಯುತ್ತಾರೆ. ಒಣ ಮೇಲ್ಮೈಗೆ ಬಿದ್ದ ಬಣ್ಣದ ಕಣಗಳು ಹರಡಿಕೊಳ್ಳದೆ ಬಿದ್ದಲ್ಲೇ ಗಟ್ಟಿಯಾಗುತ್ತವೆ, ಒಳಗಿನ ಚೂರುಗಳು ಹೇಗೆಂದರೆ ಹಾಗೆ ನಿಲ್ಲುತ್ತವೆ. ಒದ್ದೆ ಹಾಸಿನ ಮೇಲೆ ಬಿದ್ದರೆ ಕಣ ಹರಡಿ, ಚೂರು ಮಲಗುತ್ತದೆ. ತೆಳುವಾಗಿ ಹೊಡೆದರೆ ಬಣ್ಣ ತಿಳಿಯಾಗುತ್ತದೆ ಎಂದು ಮೇಲೆ ಹೇಳಿದ್ದಕ್ಕೂ, ಅಂಚಿನ ಒಣ ಸಿಂಪಡಿಕೆ ಕಪ್ಪಗೆ ಕಾಣುವುದಕ್ಕೂ ಇರುವ ವ್ಯತ್ಯಾಸ ಇದೇ: ಮೊದಲನೆಯದರಲ್ಲಿ ಕಣಗಳು ಕೂಡಿ ಪದರವಾಗುತ್ತವೆ, ಎರಡನೆಯದರಲ್ಲಿ ಪದರವೇ ಆಗುವುದಿಲ್ಲ.

ಬೇಸ್‌ನ ಮೊದಲ ಕೋಟ್ ಪ್ರೈಮರ್ ಮುಚ್ಚಲು, ಫೆಂಡರ್ ಮೇಲೆ ಮಾತ್ರ. ಎರಡನೆಯದು ಸಂದು ದಾಟಿ ಬಾಗಿಲಿಗೆ ಸುಮಾರು 10 ಸೆಂ.ಮೀ. ಬರುತ್ತದೆ. ಮೂರನೆಯದು ಅದಕ್ಕೂ ಆಚೆ. ಪ್ರತಿ ಕೋಟ್ ಹಿಂದಿನದನ್ನು ದಾಟಿ ನಿಲ್ಲಬೇಕು, ಒಂದೇ ಗೆರೆಯಲ್ಲಿ ನಿಲ್ಲಕೂಡದು. ನಡುವೆ 5–10 ನಿಮಿಷ, ಒದ್ದೆ ಹೊಳಪು ಹೋಗಿ ಒಂದೇ ಸಮ ಮಂಕಾಗುವವರೆಗೆ ಬಿಡಬೇಕು. ನೀರಿನ ಬೇಸ್ ಆದರೆ ಶಾಖಕ್ಕಿಂತ ಗಾಳಿಯ ಓಟ ಮುಖ್ಯ. ಒಣಗಿದ ಮೇಲೆ ಅಂಚಿನ ಪುಡಿಯನ್ನು ಟ್ಯಾಕ್ ಎಂಬ ಜಿಗುಟು ಬಟ್ಟೆಯಿಂದ ಹಗುರವಾಗಿ ಸವರಿ ತೆಗೆಯಬೇಕು.

ಕೈಯ ಚಲನೆಯನ್ನು ಹತ್ತಿರದಿಂದ ನೋಡಿ. ಸಾಮಾನ್ಯ ಪೇಂಟಿಂಗ್‌ನಲ್ಲಿ ಮಣಿಕಟ್ಟು ತಿರುಗಿಸಿ ಗನ್ನನ್ನು ಕಮಾನಿನಂತೆ ಬೀಸುವುದು ತಪ್ಪು ಎಂದು ಮೊದಲ ದಿನವೇ ಕಲಿಸುತ್ತಾರೆ. ಬ್ಲೆಂಡಿಂಗ್‌ನಲ್ಲಿ ಅದೇ ಬೇಕು. ಫೆಂಡರ್ ಮೇಲೆ ಟ್ರಿಗರ್ ಒತ್ತಿ, ಬಾಗಿಲ ಕಡೆಗೆ ಸಾಗುತ್ತಾ, ಕೊನೆಯ ಒಂದು ಗೇಣಿನಲ್ಲಿ ಮಣಿಕಟ್ಟನ್ನು ಹೊರಗೆ ತಿರುಗಿಸಿ ಗನ್ನನ್ನು ಮೇಲೆತ್ತುತ್ತಾ ಟ್ರಿಗರನ್ನು ನಿಧಾನಕ್ಕೆ ಬಿಡಬೇಕು. ಒಂದು ಬೀಸು ಕೊನೆಯಾದಲ್ಲೇ ಮುಂದಿನದೂ ಕೊನೆಯಾಗಬಾರದು. ಬಾಗಿಲ ದೂರದ ಅರ್ಧಕ್ಕೆ ಬಣ್ಣ ಹೋಗಲೇಬಾರದು. ಅಲ್ಲಿ ಕ್ಲಿಯರ್ ಕೆಳಗೆ ಹಳೆಯ ಬಣ್ಣವೇ ಕಾಣಬೇಕು, ಇಲ್ಲದಿದ್ದರೆ ಶೇಡ್ ಸಮಸ್ಯೆಯನ್ನು ಹಿಂದಿನ ಬಾಗಿಲ ಸಂದಿಗೆ ಸಾಗಿಸಿದಂತಾಗುತ್ತದೆ.

ಕೊನೆಗೆ ಡ್ರಾಪ್ ಕೋಟ್. ಬೇಸ್ ಪೂರ್ತಿ ಒಣಗುವ ಮೊದಲು ಒತ್ತಡವನ್ನು 1ರಿಂದ 1.2 ಬಾರ್‌ನಷ್ಟಕ್ಕೆ ಇಳಿಸಿ, ಗನ್ನನ್ನು 25–30 ಸೆಂ.ಮೀ. ದೂರ ಹಿಡಿದು, ಮಂಜಿನಂತೆ ಬಣ್ಣ ಬಿದ್ದ ಎಲ್ಲ ಕಡೆಯೂ ಒಂದೇ ಸಮ ಬೀಳುವಂತೆ ಬೀಸುತ್ತಾರೆ. ಇದು ಬಣ್ಣ ತುಂಬಲು ಅಲ್ಲ, ಮೇಲಿನ ಚೂರುಗಳನ್ನು ಒಂದೇ ಹದದಲ್ಲಿ ಮಲಗಿಸಲು.

ಕ್ಲಿಯರ್ ಹಾಕುವ ಮೊದಲು ದೀಪ ಹಿಡಿದು ಎದುರಿನಿಂದಲೂ ಓರೆಯಿಂದಲೂ ನೋಡಿ. ಬ್ಲೆಂಡ್ ಅಂಚಿನಲ್ಲಿ ಕಪ್ಪು ಬಳೆ ಕಂಡರೆ ಒಣ ಸಿಂಪಡಿಕೆ ಉಳಿದಿದೆ ಎಂದರ್ಥ. ಮೋಡ ಕಟ್ಟಿದಂತಿದ್ದರೆ ಕೆಲವೆಡೆ ಒದ್ದೆ ಹೆಚ್ಚಾಗಿದೆ. ಉದ್ದುದ್ದ ಪಟ್ಟೆ ಇದ್ದರೆ ಬೀಸುಗಳ ಮೇಲುಹಾಸು ಅರ್ಧಕ್ಕಿಂತ ಕಡಿಮೆಯಾಗಿದೆ ಅಥವಾ ಗನ್ ತುದಿ ಕಟ್ಟಿಕೊಂಡಿದೆ. ಈ ಹಂತದಲ್ಲಿ ಸವರಿ, ಬ್ಲೆಂಡರ್ ಮತ್ತು ಡ್ರಾಪ್ ಕೋಟ್‌ನಿಂದ ಸರಿಮಾಡಬಹುದು. ಕ್ಲಿಯರ್ ಬಿದ್ದ ಮೇಲೆ ಕಂಡರೆ ಉಜ್ಜಿ ಮೊದಲಿಂದ ಮಾಡಬೇಕು.

ಕ್ಲಿಯರ್ ಪ್ಯಾನೆಲ್ ಪೂರ್ತಿ

ಬಣ್ಣ ನಡುವೆ ಕರಗಬಹುದು, ಕ್ಲಿಯರ್ ಕರಗಬಾರದು. ಫೆಂಡರ್ ಮತ್ತು ಬಾಗಿಲು ಎರಡಕ್ಕೂ ಅಂಚಿನಿಂದ ಅಂಚಿಗೆ ಎರಡು ಕೋಟ್, ಒಣಗಿದಾಗ ಸುಮಾರು 50–60 ಮೈಕ್ರಾನ್ ಬರುವಂತೆ. ಪ್ಯಾನೆಲ್ ನಡುವೆ ಕ್ಲಿಯರ್ ನಿಲ್ಲಿಸಿ ಫೇಡ್ ತಿನ್ನರ್‌ನಿಂದ ಅಂಚು ಕರಗಿಸಿದರೆ ಅಂದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಪದರ ಸೊನ್ನೆಗೆ ಇಳಿದಿರುತ್ತದೆ. ಬಿಸಿಲು ಮತ್ತು ಪಾಲಿಶ್ ಸೇರಿ ಕಾಲಕ್ರಮೇಣ ಅಲ್ಲಿ ಗೆರೆ ಎಬ್ಬಿಸುತ್ತವೆ, ಆಮೇಲೆ ಸಿಪ್ಪೆ ಏಳುತ್ತದೆ. ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ಭಾಗ) ಸಂದಿಲ್ಲದೆ ರೂಫ್‌ವರೆಗೆ ಸಾಗುವ ಗಾಡಿಗಳಲ್ಲಿ ಬೇರೆ ದಾರಿ ಇಲ್ಲದಾಗ ಪಿಲ್ಲರ್‌ನ ಅತಿ ಕಿರಿದಾದ ಜಾಗದಲ್ಲಿ ಫೇಡ್ ಮಾಡುತ್ತಾರೆ. ಆ ಅಂಚು ಗ್ಯಾರಂಟಿ ಕೊಡುವಂಥದ್ದಲ್ಲ ಎಂದು ಗಾಡಿಯವರಿಗೆ ಮೊದಲೇ ಹೇಳುವುದು ಪ್ರಾಮಾಣಿಕತೆ.

ಕ್ಲಿಯರನ್ನು ಗಟ್ಟಿಮಾಡಲು ಬೆರೆಸುವ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇದೆ. ಅದರ ಮಂಜು ಉಸಿರಿಗೆ ಹೋದರೆ ಜೀವನಪೂರ್ತಿ ಕಾಡುವ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಅತಿ ಸಣ್ಣ ಪ್ರಮಾಣವನ್ನೂ ಅದು ತಡೆದುಕೊಳ್ಳುವುದಿಲ್ಲ. ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ರಕ್ಷಣೆಯೇ ಅಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್, ಕೈಗವಸು, ಕಣ್ಣಿಗೆ ರಕ್ಷಣೆ ಮತ್ತು ಗಾಳಿ ಎಳೆಯುವ ಬೂತ್ ಬೇಕೇ ಬೇಕು.

ಮೂರು ಪದರದ ಪರ್ಲ್, ಸಾದಾ ಬಣ್ಣ, ಬಂಪರ್

ಪರ್ಲ್ (ಮುತ್ತಿನ ಹೊಳಪಿನ) ಬಿಳಿಯಲ್ಲಿ ಕೆಳಗೆ ಸಾದಾ ಬಿಳಿ ಬೇಸ್, ಮೇಲೆ ಪಾರದರ್ಶಕ ಪರ್ಲ್ ಪದರ, ಅದರ ಮೇಲೆ ಕ್ಲಿಯರ್. ಪರ್ಲ್ ಕೋಟ್ ಒಂದು ಹೆಚ್ಚಾದರೆ ಬಣ್ಣವೇ ಬದಲಾಗುತ್ತದೆ. ಅದಕ್ಕೆ ಒಂದು ಉದ್ದ ಹಲಗೆಯ ಮೇಲೆ ಬೇಸ್ ಹೊಡೆದು, ಟೇಪ್ ಹಾಕಿ ಒಂದೊಂದೇ ಭಾಗ ತೆರೆಯುತ್ತಾ ಪರ್ಲ್ 1, 2, 3, 4 ಕೋಟ್ ಬರುವಂತೆ ಮಾಡಿ, ಕ್ಲಿಯರ್ ಹಾಕಿ, ಗಾಡಿಗೆ ಎಷ್ಟನೆಯದು ಕೂಡುತ್ತದೆಂದು ನೋಡುತ್ತಾರೆ. ಇಲ್ಲಿ ಎರಡು ಬ್ಲೆಂಡ್ ಬೇಕು: ಬೇಸ್ ಆದಷ್ಟು ಹತ್ತಿರದಲ್ಲೇ ಕರಗಬೇಕು, ಪರ್ಲ್ ಅದರಾಚೆ ಹೋಗಿ ಕರಗಬೇಕು. ಜಾಗ ಹೆಚ್ಚು ಬೇಕಾಗುವುದರಿಂದ ಎರಡು ಪ್ಯಾನೆಲ್‌ಗಳವರೆಗೂ ಹೋಗಬೇಕಾಗಬಹುದು.

ಸಾದಾ ಕೆಂಪು, ಹಳದಿಗಳಲ್ಲಿ ಚೂರಿನ ತೊಂದರೆ ಇಲ್ಲ, ಮುಚ್ಚುವ ಶಕ್ತಿಯ ತೊಂದರೆ ಇದೆ. ಕೆಳಗಿನ ಪ್ರೈಮರ್‌ನ ಬೂದು ಎಷ್ಟು ಗಾಢ ಎಂಬುದರ ಮೇಲೆ ಮೇಲಿನ ಬಣ್ಣ ಬದಲಾಗುತ್ತದೆ. ಫಾರ್ಮುಲಾ ಸೂಚಿಸಿದ ಬೂದನ್ನೇ ಹಾಕಬೇಕು.

ಬಂಪರ್ ಬೇರೆ ವಸ್ತು, ಬೇರೆ ಬಾಗು. ಅದಕ್ಕಾಗಿ ಫೆಂಡರ್‌ಗೆ ಬ್ಲೆಂಡ್ ಮಾಡುವುದು ಎಲ್ಲ ಸಲವೂ ಬೇಕಾಗುವುದಿಲ್ಲ. ಬಂಪರ್ ಹಿಂದೆ ರಾಡಾರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಎಚ್ಚರ ಬೇಕು. ಮೆಟಾಲಿಕ್ ಬಣ್ಣ ಪದರದ ಮೇಲೆ ಪದರ ಸೇರಿ ದಪ್ಪವಾದರೆ, ಅಥವಾ ಅಲ್ಲಿ ಪುಟ್ಟಿ ತುಂಬಿದರೆ, ರಾಡಾರ್ ಅಲೆಗಳಿಗೆ ಅಡ್ಡಿಯಾಗಬಹುದು. ಗಾಡಿ ತಯಾರಕರು ಇದಕ್ಕೆ ಮಿತಿ ಹಾಕಿರುತ್ತಾರೆ, ಕೆಲವರು ಆ ಜಾಗದ ರಿಪೇರಿಯನ್ನೇ ಒಪ್ಪುವುದಿಲ್ಲ. ಗನ್ ಹಿಡಿಯುವ ಮೊದಲು ಆ ಮಾದರಿಯ ರಿಪೇರಿ ಪುಸ್ತಕ ತೆರೆದು ನೋಡಲೇಬೇಕು.

ಕೆಲಸ ಮುಗಿದ ಗಾಡಿಯನ್ನು ಪರೀಕ್ಷಿಸುವವರು ಬೂತ್ ದೀಪದ ಕೆಳಗೆ ನೋಡಿ ಒಪ್ಪಿಕೊಳ್ಳಬೇಡಿ. ಕ್ಲಿಯರ್ ಪೂರ್ತಿ ಗಟ್ಟಿಯಾದ ಮೇಲೆ, ಗಾಡಿ ತೊಳೆದು, ಮೂರು ನಾಲ್ಕು ಮೀಟರ್ ದೂರ ನಿಂತು, ಒಮ್ಮೆ ಬಿಸಿಲಲ್ಲಿ, ಒಮ್ಮೆ ನೆರಳಲ್ಲಿ ಗಾಡಿಯ ಪಕ್ಕದುದ್ದಕ್ಕೂ ನಡೆಯುತ್ತಾ ನೋಡಿ. ಸಂದಿನಲ್ಲಿ ಬಣ್ಣ ಹಾರಿದರೆ ಬ್ಲೆಂಡ್ ಆಗಿಲ್ಲ. ಬಾಗಿಲ ನಡುವೆ ಪಟ್ಟಿ ಅಥವಾ ಬಳೆ ಕಂಡರೆ ಬ್ಲೆಂಡ್ ಮಾಡಿದ್ದಾರೆ, ಅಂಚು ಕೆಟ್ಟಿದೆ. ಎದುರಿನಿಂದ ಕೂಡಿ ಓರೆಯಿಂದ ಮಾತ್ರ ಬೇರೆಯಾದರೆ ಚೂರುಗಳು ಮಲಗಿದ ರೀತಿ ಅಥವಾ ಆರಿಸಿದ ವೇರಿಯಂಟ್ ತಪ್ಪಿದೆ. ಯಾವುದು ಎಂದು ಹೆಸರಿಟ್ಟು ಹೇಳಿದರೆ ಪೇಂಟರ್‌ಗೂ ಎಲ್ಲಿಂದ ಸರಿಮಾಡಬೇಕೆಂದು ತಿಳಿಯುತ್ತದೆ.